ಅಜ್ಜನ ಟ್ರಂಕಿನಲ್ಲಿ ಅರವತ್ತು ಕಾಗದ: ಲ್ಯಾಮಿನೇಶನ್ ಮಾಡಿಸೋಣವಾ?

ಪ್ರಶ್ನೆ: ನಮ್ಮದು ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. ನಾನು ಶಾಲೆಯಲ್ಲಿ ಟೀಚರ್. ನಮ್ಮ ಅಜ್ಜ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸಿಪಾಯಿ ಆಗಿದ್ದರು. 1971ರ ಯುದ್ಧದಲ್ಲಿ ಬಂಗಾಳದ ಕಡೆ ಇದ್ದರಂತೆ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಮೊನ್ನೆ ಮಾಳಿಗೆ ರಿಪೇರಿಗೆ ಅಂತ ಸಾಮಾನು ಸರಿಸುವಾಗ ಅವರ ಕರಿ ಟ್ರಂಕ್ ತೆರೆದೆವು. ದಾರ ಕಟ್ಟಿದ ಸುಮಾರು ಅರವತ್ತು ಕಾಗದ, ಮನಿಯಾರ್ಡರ್ ಚೀಟಿಗಳು, ನಾಲ್ಕು ಮೆಡಲ್, ಒಂದು ಉಣ್ಣೆ ಜರ್ಸಿ, ಗಾಜಿಗೆ ಅಂಟಿಕೊಂಡ ಒಂದು ಫೋಟೋ, ಒಂದು ಬಂದೂಕಿನ ಗುಂಡು ಸಿಕ್ಕಿವೆ. ಎಷ್ಟೋ ಕಾಗದಕ್ಕೆ ತಾರೀಖಿಲ್ಲ. ಕೆಲವು ಇಂಗ್ಲಿಷ್ ಅಕ್ಷರದಲ್ಲಿವೆ, ಆದರೆ ಇಂಗ್ಲಿಷ್ ಅಲ್ಲ. ಟ್ರಂಕಿನ ತಳದಲ್ಲಿ ಬೇರೆಯಾಗಿ ಒಂದು ಪೋಸ್ಟ್ ಕಾರ್ಡ್ ಇತ್ತು, ಅದರ ಮೂಲೆ ಹರಿದಿದೆ. ಕಾಗದಗಳನ್ನು ಲ್ಯಾಮಿನೇಶನ್ ಮಾಡಿಸಿ, ಮೆಡಲ್ ತಿಕ್ಕಿ ಹೊಳಪು ಮಾಡಿ ಪಡಸಾಲೆಯಲ್ಲಿ ತೂಗುಹಾಕೋಣ ಅಂತಾರೆ ಕಾಕಾ. ಅತ್ತೆ ಮ್ಯೂಸಿಯಂಗೆ ಕೊಡೋಣ ಅಂತಾರೆ. ಆಯಿಗೆ, ಅಂದರೆ ಅಜ್ಜಿಗೆ, ಎಂಬತ್ತೆರಡು. ಅವರು ಏನೂ ಹೇಳುತ್ತಿಲ್ಲ. ಏನು ಮಾಡಲಿ?

ಉತ್ತರ: ಕಾಗದದ ಮಾತು ಆಮೇಲೆ. ಮೊದಲು ಆ ಗುಂಡು.

ಅದನ್ನು ತಿಕ್ಕಬೇಡಿ, ಬಿಸಿಲಿಗೆ ಇಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಇದ್ದಲ್ಲೇ ಇಟ್ಟು ನೋಡಿ. ಮುಂದಿನ ಬಾಯಿ ಟೊಳ್ಳಾಗಿದ್ದು, ಹಿಂದಿನ ಚಪ್ಪಟೆ ಕಡೆ ನಡುವೆ ಮೊಳೆ ಹೊಡೆದ ಹಾಗೆ ತಗ್ಗು ಬಿದ್ದಿದ್ದರೆ ಅದು ಹಾರಿಸಿದ ಖಾಲಿ ಕೋಶ. ಅದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಮುಂದೆ ಚೂಪು ಗುಂಡು ಇನ್ನೂ ಕೂತಿದ್ದರೆ ಅದನ್ನು ಜೀವಂತ ಕಾಡತೂಸು ಅಂತಲೇ ತಿಳಿಯಿರಿ. ಐವತ್ತು ವರ್ಷ ಆಗಿದೆ, ಸತ್ತಿರುತ್ತೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಲೈಸೆನ್ಸ್ ಇಲ್ಲದೆ ಜೀವಂತ ಕಾಡತೂಸು ಇಟ್ಟುಕೊಳ್ಳುವುದು 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ. ಅಜ್ಜನ ನೆನಪಿಗೆ ಅಂದರೂ ಅಪರಾಧವೇ. ಒಂದು ಫೋಟೋ ತೆಗೆದುಕೊಂಡು ಪೊಲೀಸ್ ಠಾಣೆಗೆ ಫೋನ್ ಮಾಡಿ, ಅವರೇ ಬಂದು ಒಯ್ಯಲಿ. ನೀವು ಜೇಬಿನಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಡಿ.

ಮರಾಠಾ, 1971, ಗುಂಡು ಅಂದ ಕೂಡಲೇ ನನಗೆ ಜಮಾಲ್‌ಪುರದ ಕಥೆ ನೆನಪಾಯಿತು. ಈಗಿನ ಬಾಂಗ್ಲಾದೇಶದ ಊರು ಅದು. ಡಿಸೆಂಬರ್ ಎರಡನೇ ವಾರದಲ್ಲಿ ಅಲ್ಲಿದ್ದ ಪಾಕಿಸ್ತಾನಿ ಪಡೆಯನ್ನು ಸುತ್ತುಗಟ್ಟಿದವರಲ್ಲಿ 1 ಮರಾಠಾ, ಅಂದರೆ ಜಂಗಿ ಪಲ್ಟನ್ ಅಂತ ಕರೆಯುವ ಮರಾಠಾದ ಒಂದನೇ ಬೆಟಾಲಿಯನ್, ಇತ್ತು. ಶರಣಾಗಿ ಅಂತ ನಮ್ಮ ಕಡೆಯ ಬ್ರಿಗೇಡಿಯರ್ ಕ್ಲೇರ್ ಕಾಗದ ಬರೆದು ಕಳಿಸಿದರು. ಆ ಕಡೆಯ ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹ್ಮದ್ ಆಗುವುದಿಲ್ಲ ಅಂತ ಉತ್ತರ ಬರೆದು, ಆ ಕಾಗದದಲ್ಲಿ ಒಂದು ಗುಂಡು ಸುತ್ತಿ ಕಳಿಸಿದರು. ಯುದ್ಧದ ಕಾಗದಗಳಲ್ಲಿ ಇಷ್ಟು ಚುಟುಕಾದದ್ದು ಬೇರೆ ಇರಲಿಕ್ಕಿಲ್ಲ. ಆದರೆ ನಿಮ್ಮ ಟ್ರಂಕಿನ ಗುಂಡು ಅದೇ ಅಂತ ಕಾಕಾ ಊರೆಲ್ಲ ಹೇಳಿಕೊಂಡು ಬರುವ ಮುಂಚೆ ಅಜ್ಜನ ಬೆಟಾಲಿಯನ್ ನಂಬರ್ ನೋಡಿ. ಮರಾಠಾದಲ್ಲಿ ಬೆಟಾಲಿಯನ್‌ಗಳು ಹಲವು.

ಇನ್ನು ಲ್ಯಾಮಿನೇಶನ್. ಬೇಡ. ಒಂದೂ ಬೇಡ. ಬಿಸಿ ಪ್ಲಾಸ್ಟಿಕ್ಕು ಕಾಗದದ ಎಳೆಗಳ ಒಳಗೆ ಇಳಿದು ಅಂಟಿಕೊಳ್ಳುತ್ತದೆ. ಆಮೇಲೆ ಕಾಗದ ಕೆಡದಂತೆ ಅದನ್ನು ಬಿಡಿಸುವುದು ಪರಿಣತರಿಗೂ ಬಹಳ ಕಷ್ಟ. ಕಾಗದದಲ್ಲಿರುವ ಹುಳಿ ಅಂಶ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಕಾಗದವನ್ನು ತಿನ್ನುತ್ತದೆ. ಸೆಲ್ಲೋಟೇಪೂ ಅಷ್ಟೇ. ಹತ್ತು ವರ್ಷಕ್ಕೆ ಟೇಪು ಬಿದ್ದುಹೋಗುತ್ತದೆ, ಅದರ ಅಂಟಿನ ಕಂದು ಕಲೆ ಮಾತ್ರ ಉಳಿಯುತ್ತದೆ. ಲ್ಯಾಮಿನೇಶನ್ ಮಾಡಿಸಿದ ಜಮೀನಿನ ಕಾಗದ, ಮದುವೆ ಪತ್ರಿಕೆ, ಮಾರ್ಕ್ಸ್ ಕಾರ್ಡು ಹಿಡಿದುಕೊಂಡು ನನ್ನ ಹತ್ತಿರ ಬಂದವರು ಎಷ್ಟೋ ಜನ. ಅವರಿಗೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಕಾಗದಕ್ಕೆ ನೀವು ಈ ತಿಂಗಳೇ ಏನಾದರೂ ಮಾಡಬೇಕು ಅಂತಿಲ್ಲ. ಐವತ್ತು ವರ್ಷ ಟ್ರಂಕಿನಲ್ಲಿ ಇದ್ದವು ಇನ್ನಾರು ತಿಂಗಳು ಇರುತ್ತವೆ. ಅವಸರ ಇರುವುದು ಆಯಿಯ ವಿಷಯದಲ್ಲಿ. ನಿಮ್ಮ ಪ್ರಶ್ನೆಯಲ್ಲಿ ಆಯಿಗೆ ಕೊನೆಯ ಎರಡು ಸಾಲು ಸಿಕ್ಕಿವೆ. ನಾನು ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ಒಂದು ಸಂಗತಿ ಗಮನಿಸಿ. ಅಜ್ಜ ಬರೆದ ಕಾಗದಗಳು ಅಜ್ಜನ ಟ್ರಂಕಿಗೆ ಹೇಗೆ ಬಂದವು? ಅವರು ಅವನ್ನು ಊರಿಗೆ ಕಳಿಸಿದ್ದರು. ಟ್ರಂಕ್ ಅವರ ಜೊತೆ ಇತ್ತು. ಅಂದರೆ ಊರಲ್ಲಿ ಯಾರೋ ಒಬ್ಬರು ಬಂದ ಕಾಗದವನ್ನೆಲ್ಲ ವರ್ಷಗಟ್ಟಲೆ ಕೂಡಿಟ್ಟು, ದಾರ ಕಟ್ಟಿ, ಅಜ್ಜ ರಿಟೈರ್ ಆಗಿ ಬಂದ ಮೇಲೆ ಆ ಟ್ರಂಕಿಗೆ ಹಾಕಿದ್ದಾರೆ. ನಮ್ಮ ಕಡೆ ಹಳ್ಳಿ ಮನೆಗಳಲ್ಲಿ ಓದಿದ ಕಾಗದ ಒಲೆಗೆ ಹೋಗುತ್ತಿತ್ತು, ಇಲ್ಲಾ ಸೂರಿನ ಸಂದಿಗೆ ಸಿಗುತ್ತಿತ್ತು. ಅರವತ್ತು ಉಳಿದಿವೆ ಅಂದರೆ ಅದು ತಾನಾಗಿ ಆದದ್ದಲ್ಲ. ಆ ದಾರ ಕಟ್ಟಿದವರು ಯಾರು ಅಂತ ಆಯಿಯನ್ನು ಕೇಳಿ. ನನ್ನ ಊಹೆ ನಿಮಗೂ ಗೊತ್ತಾಗಿರಬೇಕು, ಅಲ್ವಾ?

ಆದ್ದರಿಂದ ಗಂಟು ಬಿಚ್ಚುವ ಮುಂಚೆ ಗಂಟಿನ ಫೋಟೋ ತೆಗೆಯಿರಿ. ಯಾವ ಕಾಗದದ ಮೇಲೆ ಯಾವುದಿತ್ತು ಅನ್ನುವ ಕ್ರಮ ಕೆಡಿಸಬೇಡಿ. ತಾರೀಖಿನ ಪ್ರಕಾರ ಜೋಡಿಸಿಬಿಡೋಣ ಅಂತ ಟೀಚರಿಗೆ ಅನ್ನಿಸುವುದು ಸಹಜ. ತಡೆಯಿರಿ. ಕೂಡಿಟ್ಟವರ ಕ್ರಮದಲ್ಲೂ ಒಂದು ಸುದ್ದಿ ಇರುತ್ತದೆ. ಮೊದಲು ಆ ಕ್ರಮದಲ್ಲೇ ಒಂದೊಂದಕ್ಕೂ ನಂಬರ್ ಕೊಡಿ. ಕಾಗದದ ಮೇಲೆ ಬರೆಯಬೇಡಿ. ಅದನ್ನು ಇಡುವ ಕವರಿನ ಮೇಲೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆಯಿರಿ.

ಆಯಿಯ ಜೊತೆ ಕೂರುವಾಗ ಯುದ್ಧದ ಬಗ್ಗೆ ಹೇಳಿ ಅಂತ ಶುರು ಮಾಡಬೇಡಿ. ಅವರು ಸುಮ್ಮನಾಗುತ್ತಾರೆ, ಈಗಲೂ ಅದೇ ಆಗಿರಬಹುದು. ಒಂದೇ ಒಂದು ಕಾಗದ ಕೈಗೆ ಕೊಡಿ. ಇದು ಬಂದಾಗ ಮನೆಯಲ್ಲಿ ಓದಿದವರು ಯಾರು ಅಂತ ಕೇಳಿ. ಆ ಕಾಲದಲ್ಲಿ ಬಹಳಷ್ಟು ಮನೆಗಳಲ್ಲಿ ಕಾಗದ ಓದುತ್ತಿದ್ದವರು ಪೋಸ್ಟ್‌ಮನ್, ಇಲ್ಲವೇ ಸಾಲಿ ಮಾಸ್ತರ. ಪಡಸಾಲೆಯಲ್ಲಿ ಮಾವ, ಮೈದುನ, ನೆರೆಯವರು ಎಲ್ಲರೂ ಕೂತಿರುತ್ತಿದ್ದರು. ಸೊಸೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳಬೇಕು. ಸಿಪಾಯಿಗೂ ಅದು ಗೊತ್ತು. ಹಾಗಾಗಿ ಕಾಗದ ಹೆಂಡತಿಯ ಹೆಸರಿಗೆ ಬರುತ್ತಿರಲಿಲ್ಲ. ತೀರ್ಥರೂಪ ತಂದೆಯವರಿಗೆ ಸಾಷ್ಟಾಂಗ ನಮಸ್ಕಾರ, ಇತ್ತ ನಾನು ಕ್ಷೇಮ, ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಕಾಗದ ಬರೆಸಿರಿ. ಆಮೇಲೆ ಮಳೆ, ಜೋಳ, ಎತ್ತು, ಸಾಲ. ಕೊನೆಗೆ ಮನೆಯಲ್ಲಿ ಎಲ್ಲರಿಗೂ ನನ್ನ ನೆನಪು ತಿಳಿಸಿರಿ. ಆ ‘ಎಲ್ಲರಿಗೂ’ ಅನ್ನುವ ಮಾತಿನೊಳಗೆ ಹೆಂಡತಿ ಇರುತ್ತಾಳೆ. ಹೊಸಬರು ಓದಿದರೆ ಅರವತ್ತು ಕಾಗದವೂ ಒಂದೇ ತರ ಕಾಣುತ್ತವೆ. ಯುದ್ಧದ ಸುದ್ದಿಯೇ ಇಲ್ಲ, ಬರೀ ಎತ್ತಿನ ಸುದ್ದಿ ಅನ್ನಿಸುತ್ತದೆ. ಆಯಿಗೆ ಓದಿ ಹೇಳಿ ನೋಡಿ. ಯಾವ ಕಾಗದದಲ್ಲಿ ಕರಿ ಆಕಳು ಹೇಗಿದೆ ಅಂತ ಎರಡು ಸಲ ಕೇಳಿದ್ದಾರೆ, ಆಗ ಮನೆಯಲ್ಲಿ ಏನು ನಡೆದಿತ್ತು ಅಂತ ಅವರಿಗೆ ಗೊತ್ತಿರುತ್ತದೆ. ನನ್ನ ಕೆಲಸದಲ್ಲಿ ಇಂಥ ಮನೆಯೊಂದಕ್ಕೆ ಹೋಗಿದ್ದೆ. ಆಕಳ ಬಗ್ಗೆ ಕೇಳಿದ ಸಾಲು ಬಂದ ಕೂಡಲೇ ಅಜ್ಜಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಆ ವರ್ಷ ಅವರ ಮನೆಯಲ್ಲಿ ಆಕಳೇ ಇರಲಿಲ್ಲ. ಬಸುರಾಗಿದ್ದವರು ಅವರು.

ಕಾಗದ ಓದುವವರು ಕೆಲವು ಸಾಲು ಬಿಟ್ಟು ಓದುತ್ತಿದ್ದದ್ದೂ ಉಂಟು. ದವಾಖಾನೆಯಲ್ಲಿದ್ದೇನೆ ಅಂತ ಬರೆದಿದ್ದರೆ ಮಾಸ್ತರರು ಅದನ್ನು ನುಂಗಿ ಮುಂದಿನ ಸಾಲಿಗೆ ಹೋಗುತ್ತಿದ್ದರು. ಹಾಗಾಗಿ ನೀವು ಓದಿ ಹೇಳುವ ಕೆಲವು ಮಾತು ಆಯಿ ಈಗಲೇ ಮೊದಲ ಸಲ ಕೇಳುತ್ತಿರಬಹುದು. ಮೊದಲು ನೀವೊಬ್ಬರೇ ಎಲ್ಲ ಓದಿಕೊಳ್ಳಿ. ಯಾವುದನ್ನು ಯಾವಾಗ ಹೇಳಬೇಕು ಅಂತ ಆಮೇಲೆ ನೋಡಿ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರಿಗೆ ತಿಳಿಸಿಯೇ. ದಿನಕ್ಕೆ ಅರ್ಧ ತಾಸು ಸಾಕು. ಫ್ಯಾನ್ ಆರಿಸಿ, ಟಿವಿ ಬಂದ್ ಮಾಡಿ. ಬರೆದುಕೊಳ್ಳುವಾಗ ಆಯಿಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ‘ಬಂದಿದ್ರು’ ಅಂದದ್ದು ಹಾಗೇ ಇರಲಿ.

ತಾರೀಖಿಲ್ಲದ ಕಾಗದಗಳ ವಿಷಯ. ಇದು ನನಗೆ ಬಹಳ ಇಷ್ಟದ ಕೆಲಸ, ಸ್ವಲ್ಪ ಜಾಸ್ತಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ವಿಳಾಸ ನೋಡಿ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಅಜ್ಜನ ಕಾಲದಲ್ಲಿ ಯಲಬುರ್ಗಾ ರಾಯಚೂರು ಜಿಲ್ಲೆಯಲ್ಲಿತ್ತು, ಹಾಗಾಗಿ ಎಲ್ಲ ಕಾಗದದ ಮೇಲೂ ರಾಯಚೂರು ಅಂತಲೇ ಇರುತ್ತದೆ. ಅದರ ಮುಂದೆ ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರ್ 1ಕ್ಕಿಂತ ಮುಂಚಿನದು ಅನ್ನಬಹುದು, ಆವತ್ತೇ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು. ಆದರೆ ಅಭ್ಯಾಸಬಲದಿಂದ ಆಮೇಲೂ ಮೈಸೂರು ಅಂತ ಬರೆದವರಿದ್ದಾರೆ, ಇದೊಂದನ್ನೇ ನೆಚ್ಚಬೇಡಿ. ‘ಕರ್ನಾಟಕ’ ಅಂತಿದ್ದರೆ ಮಾತ್ರ ಗಟ್ಟಿ. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಕವರಿನ ಮೇಲೆ ಪಿನ್ ಕೋಡಿಗೆ ಅಚ್ಚು ಹಾಕಿದ ಚೌಕಗಳಿದ್ದರೆ ಅದು ಯುದ್ಧದ ಸಮಯದ ಕಾಗದ ಅಲ್ಲವೇ ಅಲ್ಲ. ಇನ್ನೊಂದು: ಎಲ್ಲಾದರೂ 5 ಪೈಸೆಯ ಸಣ್ಣ ಸ್ಟಾಂಪಿನ ಮೇಲೆ ನಿರಾಶ್ರಿತರ ಪರಿಹಾರ ಅನ್ನುವ ಮುದ್ರೆ ಕಂಡರೆ, ಅದು 1971ರ ನವೆಂಬರ್ 15ರ ಬಳಿಕದ್ದು. ಆಗ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಸಲುವಾಗಿ ಅಂಚೆಗೆ ಹೆಚ್ಚುವರಿ 5 ಪೈಸೆ ಹಾಕಿದ್ದರು.

ಕಳಿಸಿದವರ ವಿಳಾಸದಲ್ಲಿ ಊರಿನ ಹೆಸರು ಹುಡುಕಬೇಡಿ, ಇರುವುದಿಲ್ಲ. ಸಿಪಾಯಿಗಳು ತಾವಿರುವ ಜಾಗ ಬರೆಯುವಂತಿರಲಿಲ್ಲ. ನಂಬರ್, ಹುದ್ದೆ, ಹೆಸರು, ಯೂನಿಟ್, ಆಮೇಲೆ 56 ಎಪಿಒ ಅಥವಾ 99 ಎಪಿಒ ಅಂತಿರುತ್ತದೆ. ಎಪಿಒ ಅಂದರೆ ಆರ್ಮಿ ಪೋಸ್ಟ್ ಆಫೀಸ್, ಸೈನ್ಯದ ಅಂಚೆ. 56 ಅಂದರೆ ದೆಹಲಿಯ ಮೂಲಕ ಹೋಗುವ ಅಂಚೆ, ಪಶ್ಚಿಮ ಮತ್ತು ಉತ್ತರದ ಗಡಿಯದು. 99 ಅಂದರೆ ಕಲ್ಕತ್ತಾದ ಮೂಲಕ, ಪೂರ್ವದ ಕಡೆಯದು. ಅಜ್ಜ ಬಂಗಾಳದ ಕಡೆ ಇದ್ದರು ಅನ್ನುವ ಮಾತು ನಿಜವಾದರೆ 1971ರ ಕೊನೆಯ ಕಾಗದಗಳ ಮೇಲೆ 99 ಇರಬೇಕು. 56 ಇದ್ದದ್ದು 99 ಆದದ್ದು ಯಾವಾಗ ಅಂತ ಹುಡುಕಿದರೆ ಪಲ್ಟನ್ ಪೂರ್ವಕ್ಕೆ ಹೊರಟದ್ದು ಯಾವಾಗ ಅಂತ ಸಿಕ್ಕಿಬಿಡುತ್ತದೆ. ಅಂಚೆ ಮುದ್ರೆಯಲ್ಲೂ ಊರಿರುವುದಿಲ್ಲ, ಸೈನ್ಯದ ಫೀಲ್ಡ್ ಪೋಸ್ಟ್ ಆಫೀಸಿನ ಗುರುತಾಗಿ ಎಫ್‌ಪಿಒ ಅಂತ ಒಂದು ನಂಬರ್ ಮತ್ತು ತಾರೀಖು ಇರುತ್ತದೆ. ಒಳಗೆ ತಾರೀಖು ಹಾಕದಿದ್ದರೂ ಹೊರಗೆ ಮುದ್ರೆ ಇದೆಯಲ್ಲ! ಇದಕ್ಕೇ ಕವರ್ ಎಸೆಯಬೇಡಿ ಅನ್ನುವುದು. ಮುದ್ರೆ ಮಾಸಿದ್ದರೆ ಫೋನಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಒತ್ತಿದ ಗುರುತು ಎದ್ದು ಕಾಣುತ್ತದೆ.

ಮುದ್ರೆಯೂ ಓದಲು ಬರದಿದ್ದರೆ ಪಂಚಾಂಗ. ಸಿಪಾಯಿಗೆ ತಾರೀಖು ಮರೆಯಬಹುದು, ಊರಿನ ಹಬ್ಬ ಮರೆಯುವುದಿಲ್ಲ. ಕಾರ ಹುಣ್ಣಿಮೆಗೆ ಎತ್ತು ಓಡಿಸಿದಿರಾ, ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದಿರಾ, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿದಿರಾ ಅಂತ ಬರೆದಿರುತ್ತಾರೆ. ಚರಗ ಅಂದರೆ ಹೊಲಕ್ಕೆ ಚೆಲ್ಲುವ ನೈವೇದ್ಯ. 1971ರಲ್ಲಿ ಎಳ್ಳ ಅಮಾವಾಸ್ಯೆ ಬಂದದ್ದು ಡಿಸೆಂಬರ್ 17ಕ್ಕೆ. ಢಾಕಾದಲ್ಲಿ ಪಾಕಿಸ್ತಾನಿ ಸೈನ್ಯ ಶರಣಾದದ್ದು ಡಿಸೆಂಬರ್ 16ಕ್ಕೆ. ಅಂದರೆ ಶರಣಾದ ಮಾರನೇ ದಿನ ನಿಮ್ಮೂರ ಹೊಲಗಳಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಚರಗ. ಅಮಾವಾಸ್ಯೆಗೆ ಬರಲು ಆಗುವುದಿಲ್ಲ ಅಂತ ಬರೆದ ಕಾಗದ ಯುದ್ಧಕ್ಕೆ ಮುಂಚಿನದೋ ನಡುವಿನದೋ ಇರಬೇಕು. ಅಮಾವಾಸ್ಯೆ ಹೇಗಾಯಿತು ಅಂತ ಕೇಳಿದ ಕಾಗದ ಬದುಕಿ ಉಳಿದ ಮೇಲಿನದು. ಮರುವರ್ಷ 1972ರಲ್ಲಿ ನಮ್ಮ ಕಡೆ ದೊಡ್ಡ ಬರ ಬಿತ್ತು. ಮೇವು, ಕೆರೆ, ಎತ್ತು ಮಾರುವ ಮಾತು ಜಾಸ್ತಿ ಇದ್ದರೆ ಆ ಕಾಲದ್ದು ಅಂತ ಬೇರೆ ಗುಂಪು ಮಾಡಿ.

ಮನಿಯಾರ್ಡರ್ ಚೀಟಿಗಳನ್ನು ದಯವಿಟ್ಟು ರಸೀದಿ ಅಂತ ಬದಿಗಿಡಬೇಡಿ. ಮನಿಯಾರ್ಡರ್ ಫಾರಂನ ತುದಿಯಲ್ಲಿ ಎರಡು ಮೂರು ಸಾಲು ಬರೆಯಲು ಜಾಗ ಇರುತ್ತಿತ್ತು, ಆ ತುಂಡನ್ನು ಹರಿದು ಹಣ ಪಡೆದವರಿಗೆ ಕೊಡುತ್ತಿದ್ದರು. ಅಷ್ಟು ಚಿಕ್ಕ ಜಾಗದಲ್ಲಿ ಸಾಷ್ಟಾಂಗ ನಮಸ್ಕಾರಕ್ಕೆ ಎಡೆಯಿಲ್ಲ. ಹಾಗಾಗಿ ನೇರ ಮಾತು ಅಲ್ಲೇ ಸಿಗುತ್ತದೆ. ಇಷ್ಟರಲ್ಲಿ ಇಂತಿಷ್ಟು ಸಾಹುಕಾರರಿಗೆ ಕೊಡಿ, ಉಳಿದದ್ದರಲ್ಲಿ ಮಗುವಿಗೆ ಅಂಗಿ ಹೊಲಿಸಿ. ಎಲ್ಲ ಚೀಟಿ ತಾರೀಖಿನ ಪ್ರಕಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹಣ ಬಾರದ ತಿಂಗಳು ಯಾವುದು ಅಂತಲೂ ಬರೆಯಿರಿ.

ಇಂಗ್ಲಿಷ್ ಅಕ್ಷರದಲ್ಲಿದ್ದು ಇಂಗ್ಲಿಷ್ ಅಲ್ಲದ ಕಾಗದಗಳನ್ನು ಗಟ್ಟಿಯಾಗಿ ಓದಿ ನೋಡಿ. ಹಿಂದಿ ಕೇಳಿಸಬೇಕು. ಬ್ರಿಟಿಷರ ಕಾಲದಲ್ಲಿ ಸೈನ್ಯದಲ್ಲಿ ಹಿಂದುಸ್ತಾನಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಕಲಿಸುತ್ತಿದ್ದರು. ರೋಮನ್ ಉರ್ದು ಅನ್ನುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೂ ರೋಮನ್ ಹಿಂದಿ ಅಂತ ಅದು ಮುಂದುವರಿಯಿತು. ಈ ಕಾಗದಗಳು ಮನೆಗೆ ಬರೆದದ್ದಲ್ಲದೆ ಬೇರೆ ಊರಿನ ಪಲ್ಟನ್ ಗೆಳೆಯರು ಅಜ್ಜನಿಗೆ ಬರೆದದ್ದೂ ಇರಬಹುದು. ಆಗ ಅವುಗಳ ಬೆಲೆ ಇನ್ನೂ ಜಾಸ್ತಿ, ಯಾಕೆಂದರೆ ಅಪ್ಪನಿಗೆ ಹೇಳದ ಮಾತು ಗೆಳೆಯನಿಗೆ ಹೇಳಿರುತ್ತಾರೆ. ಮರಾಠಿ ಇದ್ದರೂ ಆಶ್ಚರ್ಯವಿಲ್ಲ. ಟ್ರಂಕಿನ ತಳದಲ್ಲಿ ಉರ್ದು ಕಾಗದ ಸಿಕ್ಕರೆ ಮಾತ್ರ ಶತ್ರುವಿನ ದಾಖಲೆ ಅಂತ ಸುದ್ದಿ ಮಾಡಬೇಡಿ. ನಿಮ್ಮ ಊರು 1948ರ ತನಕ ನಿಜಾಮರ ಸೀಮೆಯಲ್ಲಿತ್ತು. ಕಚೇರಿ ಭಾಷೆ ಉರ್ದು. ಅದು ನಿಮ್ಮ ಮುತ್ತಜ್ಜನ ಹೊಲದ ಪಾವತಿ ಆಗಿರುವ ಸಂಭವವೇ ಜಾಸ್ತಿ. ಅದನ್ನೂ ಜೋಪಾನವಾಗಿಡಿ, ಯಾವಾಗ ಬೇಕಾಗುತ್ತೋ ಹೇಳಲಾಗದು.

ಈಗ ಕಾಗದದ ಆರೈಕೆ. ಬೇಸಿಗೆಯಲ್ಲಿ ಮಡಿಕೆ ಬಿಚ್ಚಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ, ಹಳೆಯ ಇನ್‌ಲ್ಯಾಂಡ್ ಕಾಗದ ಹಪ್ಪಳದ ಹಾಗೆ ಮಡಿಕೆಯಲ್ಲೇ ಮುರಿಯುತ್ತದೆ. ಶ್ರಾವಣದ ತನಕ ಕಾಯಿರಿ. ಗಾಳಿಯಲ್ಲಿ ಸ್ವಲ್ಪ ತೇವ ಇದ್ದಾಗ ಕಾಗದ ಮೆತ್ತಗಾಗಿರುತ್ತದೆ, ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ್ದನ್ನು ಎರಡು ಬಿಳಿ ಹಾಳೆಯ ನಡುವೆ ಇಟ್ಟು ಮೇಲೆ ಒಂದು ದಪ್ಪ ಪುಸ್ತಕ ಹೇರಿ. ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡಿ. ಟಾಚಣಿ, ಸ್ಟೇಪ್ಲರ್ ಪಿನ್ನು ಇದ್ದರೆ ತೆಗೆಯಿರಿ, ಆದರೆ ಎಳೆಯಬೇಡಿ. ಹಿಂದಿನಿಂದ ಕಾಲು ಬಿಡಿಸಿ ಹೊರತೆಗೆಯಿರಿ.

ನೀರು ಮುಟ್ಟಿಸಲೇಬಾರದು. ಇದನ್ನು ನಾನು ಕೈ ಸುಟ್ಟುಕೊಂಡು ಕಲಿತದ್ದು. ಕೆಲಸಕ್ಕೆ ಸೇರಿದ ಹೊಸದು. ಪೆನ್ಸಿಲ್ಲಿನಲ್ಲಿ ಬರೆದ ಒಂದು ಹಳೆಯ ಕಾಗದ, ಮೇಲೆ ಕೆಮ್ಮಣ್ಣಿನ ಧೂಳು. ಪೆನ್ಸಿಲ್ ತಾನೇ, ಏನಾಗುತ್ತೆ ಅಂತ ಒದ್ದೆ ಹತ್ತಿಯಿಂದ ಒರೆಸಿದೆ. ಕಣ್ಣ ಮುಂದೆಯೇ ಅರ್ಧ ಸಾಲು ನೇರಳೆ ಬಣ್ಣವಾಗಿ ಹರಿದುಹೋಯಿತು. ಅದು ಕಾಪಿಯಿಂಗ್ ಪೆನ್ಸಿಲ್. ಒಣಗಿದ್ದಾಗ ಸಾದಾ ಪೆನ್ಸಿಲ್ಲಿನ ಹಾಗೆ ಬೂದು, ತೇವ ತಾಗಿದರೆ ನೇರಳೆ. ಅಳಿಸಲಾಗದು ಅಂತ ಸೈನ್ಯದಲ್ಲೂ ಅಂಚೆಯಲ್ಲೂ ಅದನ್ನು ಬಳಸುತ್ತಿದ್ದರು. ಆ ಮನೆಯವರಿಗೆ ನಾನೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಧೂಳಿದ್ದರೆ ಬಣ್ಣ ಹಚ್ಚುವ ಮೆತ್ತನೆಯ ಒಣ ಕುಂಚದಿಂದ ಮಾತ್ರ ತೆಗೆಯಿರಿ.

ಇಡುವುದೆಲ್ಲಿ? ತಗಡಿನ ಶೀಟಿನ ಕೆಳಗೆ ಬೇಡ, ಅಟ್ಟದಲ್ಲಿ ಬೇಡ, ಬೆಳಕಿಂಡಿಯ ನೇರಕ್ಕೆ ಬೇಡ. ಮಾಳಿಗೆ ಮನೆಯ ನಡುಮನೆ ತಂಪಾಗಿರುತ್ತದೆ, ಅದೇ ಒಳ್ಳೆಯ ಜಾಗ. ಆದರೆ ಟ್ರಂಕನ್ನು ನೆಲದ ಮೇಲೆ ಇಡದೆ ಇಟ್ಟಂಗಿಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿ. ಗೆದ್ದಲು ಗೋಡೆಯಿಂದಲೇ ಬರುವುದು. ಒಗೆದು ಗಂಜಿ ಹೋಗಿಸಿದ ಹಳೆಯ ಬಿಳಿ ಹತ್ತಿ ಬಟ್ಟೆಯಲ್ಲಿ ಕಾಗದ ಸುತ್ತಬಹುದು. ಹಣ ಖರ್ಚು ಮಾಡುವುದಾದರೆ ಆಸಿಡ್ ಇಲ್ಲದ ಕಾಗದದ ಕವರು ತರಿಸಿ. ಅಂಗಡಿಯಲ್ಲಿ ಸಿಗುವ, ಪ್ಲಾಸ್ಟಿಕ್ ವಾಸನೆ ಹೊಡೆಯುವ ಪಾರದರ್ಶಕ ಫೈಲು ಬೇಡ. ಹಸಿ ಬೇವಿನ ಎಲೆ ಹಾಕಿದರೆ ತೇವ ಮಾಡಿಕೊಳ್ಳುತ್ತದೆ. ನುಸಿಗುಳಿಗೆ ಬೇಡ, ಅದರ ಹೊಗೆ ಫೋಟೋಗೂ ನಿಮ್ಮ ಮೂಗಿಗೂ ಒಳ್ಳೆಯದಲ್ಲ. ಇನ್ನೂ ಒಂದು ಮಾತು, ಇದು ರೈತರ ಮನೆಗೆ ಬಹಳ ಮುಖ್ಯ. ಜೋಳ, ಕಡಲೆಗೆ ಹುಳು ಹತ್ತದಿರಲಿ ಅಂತ ಇಡುವ ಮಾತ್ರೆಗಳನ್ನು ಟ್ರಂಕಿನಲ್ಲಿ ಇಡಲೇಬೇಡಿ. ಅದರ ವಿಷಗಾಳಿ ಮನುಷ್ಯರನ್ನು ಕೊಲ್ಲುತ್ತದೆ. ತಾಮ್ರ, ಹಿತ್ತಾಳೆ, ಬೆಳ್ಳಿಯನ್ನೂ ತಿನ್ನುತ್ತದೆ. ಕಾಳು ತುಂಬಿದ ಕೋಣೆಯಲ್ಲೇ ಟ್ರಂಕ್ ಇದ್ದರೆ ಬೇರೆ ಕಡೆ ಸಾಗಿಸಿ.

ಜರ್ಸಿಯಲ್ಲಿ ಸಣ್ಣ ತೂತುಗಳಿದ್ದರೆ ಹುಳು ಇದೆ ಅಂತ ಅರ್ಥ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಬಿಗಿಯಾಗಿ ಕಟ್ಟಿ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಕರೆಂಟು ಹೋಗಿ ಬಂದು ಮಾಡುವ ಊರಾದರೆ ಫ್ರೀಜರ್ ಕರಗದಿರುವ ಮನೆ ನೋಡಿಕೊಳ್ಳಿ, ಅರ್ಧ ಕರಗಿದರೆ ಹುಳು ಸಾಯುವುದಿಲ್ಲ. ಆಮೇಲೆ ಹ್ಯಾಂಗರಿಗೆ ತೂಗುಹಾಕದೆ ಮಡಿಕೆಯಲ್ಲಿ ಹತ್ತಿ ಬಟ್ಟೆ ತುಂಬಿ ಇಡಿ. ಆಗಸ್ಟ್ 15ಕ್ಕೆ ಮಕ್ಕಳಿಗೆ ಹಾಕಿಸುವ ಆಸೆ ಬಂದರೆ ಅಂಗಡಿಯಿಂದ ಹೊಸದು ತನ್ನಿ.

ಕಾಕಾಗೆ ಮೆಡಲ್ ತಿಕ್ಕಬಾರದು ಅಂತ ಹೇಳಲು ಒಂದು ಒಳ್ಳೆಯ ಕಾರಣ ಕೊಡುತ್ತೇನೆ. ಮೆಡಲಿನ ಅಂಚಿನಲ್ಲಿ ಸಾಮಾನ್ಯವಾಗಿ ಅಜ್ಜನ ನಂಬರ್, ಹುದ್ದೆ, ಹೆಸರು, ಯೂನಿಟ್ ಕೊರೆದಿರುತ್ತದೆ. ನಕ್ಷತ್ರದ ಆಕಾರದ್ದಾದರೆ ಹಿಂಬದಿಯಲ್ಲಿ ನೋಡಿ. ಹುಣಸೆಹಣ್ಣು, ಬೂದಿ, ಡಬ್ಬಿಯ ಪಾಲಿಶ್ ಹಾಕಿ ತಿಕ್ಕಿದಷ್ಟೂ ಆ ಅಕ್ಷರ ಸವೆಯುತ್ತದೆ. ಹೆಸರು ಹೋದ ಮೆಡಲು ಯಾರದ್ದೂ ಆಗಬಹುದು. ಯಾವ ಮೆಡಲು ಅಂತ ನೋಡಿದರೆ ಅಜ್ಜನ ಕಥೆಯೂ ಸಿಗುತ್ತದೆ. 1971ರಲ್ಲಿ ಪೂರ್ವದ ಕಡೆ ಇದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದವರಿಗೆ ಪಶ್ಚಿಮಿ ಸ್ಟಾರ್, ಜೊತೆಗೆ ಸಂಗ್ರಾಮ್ ಮೆಡಲ್. ಸ್ವಾತಂತ್ರ್ಯದ 25ನೇ ವರ್ಷಕ್ಕೆ ಕೊಟ್ಟದ್ದು ಇನ್ನೊಂದು. ಸಮರ್ ಸೇವಾ ಸ್ಟಾರ್ ಅಥವಾ ರಕ್ಷಾ ಮೆಡಲ್ ಇದ್ದರೆ ಅವರು 1965ರ ಯುದ್ಧದ ಹೊತ್ತಿಗೇ ಸೈನ್ಯದಲ್ಲಿದ್ದರು ಅಂತಾಯಿತು. ರಿಬ್ಬನ್ ಒಗೆಯಬೇಡಿ, ಬಣ್ಣ ಬಿಡುತ್ತದೆ. ಆಯುಧ ಪೂಜೆಗೆ ಇಡುವುದಾದರೆ ಕುಂಕುಮ ಅರಿಶಿಣವನ್ನು ಕೆಳಗಿನ ಬಟ್ಟೆಗೆ ಹಚ್ಚಿ, ಮೆಡಲಿಗೆ ಬೇಡ.

ಗಾಜಿಗೆ ಅಂಟಿದ ಫೋಟೋ ಕೀಳಬೇಡಿ. ಕೀಳಲು ಹೋದರೆ ಅಜ್ಜನ ಮುಖ ಗಾಜಿನ ಮೇಲೆ ಉಳಿಯುತ್ತದೆ, ಬರೀ ಕಾಗದ ಕೈಗೆ ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಅದರ ಪ್ರತಿ ತೆಗೆಸಿ ದೊಡ್ಡದು ಮಾಡಿ ಪಡಸಾಲೆಯಲ್ಲಿ ಹಾಕಿ. ಮಾಲೆ, ಊದಿನಕಡ್ಡಿ ಎಲ್ಲ ಅದಕ್ಕೇ ಆಗಲಿ. ಕಾಕಾನ ಆಸೆಯೂ ತೀರುತ್ತದೆ.

ಕಾಗದಗಳನ್ನು ಸ್ಕ್ಯಾನ್ ಮಾಡುವಾಗ ಎರಡೂ ಬದಿ, ಕವರು, ಖಾಲಿ ಬದಿ ಕೂಡ ತೆಗೆಯಿರಿ. ಕಾಗದಕ್ಕೆ 400 ಡಿಪಿಐ, ಫೋಟೋಗೆ 600 ಸಾಕು. ಸ್ಕ್ಯಾನರ್ ಇಲ್ಲದಿದ್ದರೆ ಫೋನೇ ಆಗುತ್ತದೆ. ಬೆಳಗ್ಗೆ ಕಟ್ಟೆಯ ನೆರಳಲ್ಲಿ, ಫ್ಲ್ಯಾಶ್ ಇಲ್ಲದೆ, ಮೇಲಿನಿಂದ ನೇರವಾಗಿ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಮೂರು ಕಡೆ ಇಡಿ, ಒಂದು ಬೇರೆ ಊರಲ್ಲಿರಲಿ.

ಅತ್ತೆಯ ಮಾತಿಗೆ ಬರೋಣ. ಕೊಡುವುದು ತಪ್ಪಲ್ಲ, ಆದರೆ ಈಗ ಬೇಡ. ಬಂದ ಕಾಗದ ಅದನ್ನು ಪಡೆದವರದ್ದು. ಅದರಲ್ಲಿರುವ ಮಾತನ್ನು ಅಚ್ಚು ಹಾಕಿಸುವ ಹಕ್ಕು ಬರೆದವರದ್ದು, ಅವರಾದ ಮೇಲೆ ಅವರ ವಾರಸುದಾರರದ್ದು. ಆಯಿಯ ಹೆಸರಿಗೆ ಬಂದ ಕಾಗದ ಒಂದಿದ್ದರೂ ಅದು ಆಯಿಯದೇ ಆಸ್ತಿ. ಅವರು ಹೂಂ ಅನ್ನದೆ ಮನೆಯಿಂದ ಹೊರಗೆ ಹೋಗಬಾರದು. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಚಂದದ ಮ್ಯೂಸಿಯಂ ಇದೆ, ಆದರೆ ಅದು ಕಲ್ಲಿನ ಯುಗದ್ದು. ನಿಮ್ಮ ಅಜ್ಜ ಅಷ್ಟು ಹಳಬರಲ್ಲ. ಮರಾಠಾದವರಿಗೆ ಬೆಳಗಾವಿಯ ರೆಜಿಮೆಂಟಲ್ ಸೆಂಟರ್ ತವರಿದ್ದ ಹಾಗೆ. ಕೊಡುವುದಾದರೆ ಅಲ್ಲಿ ವಿಚಾರಿಸಿ, ಸ್ಕ್ಯಾನ್ ಮಾಡಿದ ಮೇಲೆ, ಬರಹದಲ್ಲಿ ರಸೀದಿ ಪಡೆದು. ಸರ್ವಿಸ್ ವಿವರ ಬೇಕಿದ್ದರೆ ಮರಾಠಾದ ರೆಕಾರ್ಡ್ ಆಫೀಸಿಗೆ ಆಯಿಯ ಹೆಸರಲ್ಲೇ ಅರ್ಜಿ ಬರೆಯಿರಿ. ಹೆಸರಿಗಿಂತ ನಂಬರ್ ಮುಖ್ಯ, ಅದು ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರುತ್ತದೆ ನೋಡಿ. ಡಿಸ್ಚಾರ್ಜ್ ಬುಕ್, ಪೆನ್ಶನ್ ಕಾಗದ ಸಿಕ್ಕರೆ ಅವು ಯಾವ ಮ್ಯೂಸಿಯಂಗೂ ಹೋಗಬಾರದು. ಆಯಿಯ ಫ್ಯಾಮಿಲಿ ಪೆನ್ಶನ್ ಅದರ ಮೇಲೆ ನಿಂತಿದೆ. ಅದರಲ್ಲೇನಾದರೂ ಗೊಂದಲ ಇದ್ದರೆ ನಿಮ್ಮ ಜಿಲ್ಲೆಗೆ ಸಂಬಂಧಪಟ್ಟ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ.

ಕೊನೆಗೆ ಆ ಮೂಲೆ ಹರಿದ ಕಾರ್ಡು. ನೀವು ಚಿಕ್ಕವರು, ನಿಮಗೆ ಗೊತ್ತಿರಲಿಕ್ಕಿಲ್ಲ. ಶುಭ ಸುದ್ದಿಯ ಕಾಗದದ ಮೂಲೆಗೆ ಅರಿಶಿಣ ಕುಂಕುಮ ಹಚ್ಚುತ್ತಿದ್ದರು. ಸಾವಿನ ಸುದ್ದಿ ಬರೆದರೆ ಮೂಲೆ ಹರಿದು ಕಳಿಸುತ್ತಿದ್ದರು. ಓದಲು ಬಾರದವರಿಗೂ ಕೈಗೆ ಬಂದ ಕೂಡಲೇ ತಿಳಿಯಲಿ ಅಂತ. ಅಂಥ ಕಾರ್ಡನ್ನು ಓದಿ ಅಲ್ಲೇ ಹರಿದು ಬಿಸಾಡಬೇಕು, ಮನೆಯೊಳಗೆ ಇಡಬಾರದು ಅನ್ನುವುದು ರೂಢಿ. ನಿಮ್ಮ ಗಂಟಿನ ಕಾಗದಗಳು ಬಹುಪಾಲು ಅಜ್ಜ ಊರಿಗೆ ಬರೆದವು. ಈ ಕಾರ್ಡು ಮಾತ್ರ ಗಂಟಿನ ಹೊರಗೆ, ಟ್ರಂಕಿನ ತಳದಲ್ಲಿ ಇತ್ತು ಅಂದಿರಿ. ವಿಳಾಸದ ಬದಿ ತಿರುಗಿಸಿ ನೋಡಿ. ಅಲ್ಲಿ ಅಜ್ಜನ ನಂಬರು ಮತ್ತು ಎಪಿಒ ಇದ್ದರೆ ಇದು ಊರಿನಿಂದ ಅವರಿಗೆ ಹೋದದ್ದು. ಹರಿದು ಬಿಸಾಡಬೇಕಾದದ್ದನ್ನು ಅವರು ಬಿಸಾಡಿಲ್ಲ. ಯಾರು ತೀರಿಕೊಂಡಿದ್ದರು ಅಂತ ಓದಿಕೊಳ್ಳಿ, ತಾರೀಖು ಬರೆದುಕೊಳ್ಳಿ. ಆಯಿಯನ್ನು ಕೇಳುವುದಾದರೆ ಎಲ್ಲ ಕಾಗದ ಮುಗಿದ ಮೇಲೆ, ಅವರಿಗೂ ನಿಮಗೂ ಅಷ್ಟು ಸಲುಗೆ ಬೆಳೆದ ಮೇಲೆ ಕೇಳಿ.

ಮೂಲೆಗೆ ಬೇರೆ ಕಾಗದ ಅಂಟಿಸಬೇಡಿ. ಸ್ಕ್ಯಾನ್ ಮಾಡುವಾಗ ಕೆಳಗೆ ಒಂದು ಕಪ್ಪು ಹಾಳೆ ಇಡಿ, ಹರಿದ ಅಂಚು ಸರಿಯಾಗಿ ಕಾಣುತ್ತದೆ.